ಪುಟ್ಟ ಜೀವಕ್ಕೊಂದು ದೊಡ್ಡ ಮನೆ

ಮಕ್ಕಳಿರುವ ಮನೆ ಎಂದ ಮೇಲೆ ಒಂದಲ್ಲ ಒಂದು ಸಾಕುಪ್ರಾಣಿ ಹೊಸ್ತಿಲು ದಾಟಿ ಒಳಗೆ ಬರುವುದು ತಪ್ಪಿದ್ದಲ್ಲ. ನಾಯಿಮರಿ, ಬೆಕ್ಕಿನ ಮರಿ, ಬಣ್ಣದ ಮೀನುಗಳ ಜೊತೆಗೆ ಈಗ ಹ್ಯಾಮ್‌ಸ್ಟರ್ ಎಂಬ ಹೊಸ ನೆಂಟನೂ ಸೇರಿಕೊಂಡಿದ್ದಾನೆ. ಇಲಿಯ ಜಾತಿಯದೇ ಆದರೂ ಉದ್ದ ಬಾಲವಿಲ್ಲ. ಗುಂಡು ಮೈ, ಮಣಿಯಂಥ ಕಣ್ಣು, ಕಾಳು ತುಂಬಿಕೊಂಡರೆ ಉಬ್ಬುವ ಕೆನ್ನೆ. ಅಂಗಡಿಯಲ್ಲಿ ಕಂಡ ಮಕ್ಕಳು “ಅಮ್ಮಾ, ಇದೊಂದು ಬೇಕೇ ಬೇಕು” ಎಂದು ಸೆರಗು ಹಿಡಿದು ನಿಂತರೆ ಆಶ್ಚರ್ಯವೇನು?

ಹಟ ಗೆದ್ದಿತು, ಪ್ರಾಣಿ ಮನೆಗೆ ಬಂತು ಎನ್ನಿ. ಜೊತೆಗೆ ಅಂಗಡಿಯವರು ಕೊಟ್ಟ ಬಣ್ಣಬಣ್ಣದ ಪುಟ್ಟ ಪಂಜರವೂ ಬಂತು. ಮೊದಲ ವಾರ ಮಕ್ಕಳ ಸಂಭ್ರಮ. ಎರಡನೆಯ ವಾರಕ್ಕೆ ಶಾಲೆ, ಹೋಂವರ್ಕು, ಟ್ಯೂಷನ್ನು. ಮೂರನೆಯ ವಾರದಿಂದ ಅದರ ಆರೈಕೆ ಯಾರ ಪಾಲಿಗೆ ಅಂತ ನಿಮಗೆ ಹೇಳಬೇಕಾಗಿಲ್ಲ! ನೀರು ಬದಲಿಸುವವರು ನೀವು, ವಾಸನೆ ಬಂದರೆ ಮೂಗು ಮುಚ್ಚಿಕೊಂಡು ತೊಳೆಯುವವರು ನೀವು, ನಡುರಾತ್ರಿ ಕಟಕಟ ಎಂದು ಕಂಬಿ ಕಡಿಯುವ ಸದ್ದಿಗೆ ಎಚ್ಚರವಾಗುವವರೂ ನೀವೇ.

ಆ ಕಟಕಟ ಸದ್ದಿನ ವಿಷಯವನ್ನೇ ಇಲ್ಲಿ ಸ್ವಲ್ಪ ವಿಚಾರಿಸೋಣ. “ಹಲ್ಲು ಮಸೆಯುತ್ತಿದೆ ಬಿಡಿ” ಎಂದು ಸುಮ್ಮನಾಗುವವರೇ ಹೆಚ್ಚು. ಹ್ಯಾಮ್‌ಸ್ಟರಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಅದಕ್ಕೆ ಕಡಿಯಲು ಏನಾದರೂ ಬೇಕು ಎನ್ನುವುದು ನಿಜ. ಆದರೆ ಮರದ ತುಂಡು ಕೊಟ್ಟರೂ ಬಿಟ್ಟು ರಾತ್ರಿಯಿಡೀ ಒಂದೇ ಕಂಬಿಗೆ ಜೋತುಬಿದ್ದು ಕಡಿಯುತ್ತಿದ್ದರೆ, ಒಂದೇ ಮೂಲೆಯಲ್ಲಿ ಅತ್ತಿಂದಿತ್ತ ಸುತ್ತುತ್ತಿದ್ದರೆ, ಮೇಲ್ಛಾವಣಿಯ ಕಂಬಿ ಹಿಡಿದು ಮತ್ತೆಮತ್ತೆ ತೂಗಾಡುತ್ತಿದ್ದರೆ, ಅದು ಆಟವಲ್ಲ. ಬಹುಮಟ್ಟಿಗೆ ಅದರ ಮನೆ ಅದಕ್ಕೆ ಸಾಲುತ್ತಿಲ್ಲ ಎಂಬುದರ ಗುರುತು.

ಇಷ್ಟು ಚಿಕ್ಕದಕ್ಕೆ ಅಷ್ಟು ದೊಡ್ಡದೇಕೆ?

“ಅಂಗೈಯಗಲದ ಪ್ರಾಣಿಗೆ ಅರಮನೆ ಬೇಕೇನಮ್ಮಾ? ಗಣಪತಿಯ ವಾಹನವೇ ಮನೆಯ ಸಂದಿಯಲ್ಲಿ ಇರುತ್ತೆ” ಎಂದು ಅತ್ತೆಯವರು ನಕ್ಕಾರು. ಉತ್ತರ ಹೇಳಬೇಕಾದರೆ ಈ ಪ್ರಾಣಿಯ ತವರುಮನೆ ಎಲ್ಲಿ, ಹೇಗಿದೆ ಎಂದು ತಿಳಿಯಬೇಕು.

ಅಂಗಡಿಗಳಲ್ಲಿ ದೊರೆಯುವ ದೊಡ್ಡ ಜಾತಿಯ ಹೊಂಬಣ್ಣದ ಹ್ಯಾಮ್‌ಸ್ಟರಿನ ಮೂಲ ಸಿರಿಯಾ ದೇಶ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ನಗರದ ಬಳಿಯ ಹೊಲವೊಂದನ್ನು ಅಗೆಸಿ, ನೆಲದಾಳದ ಬಿಲದಿಂದ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹೊರತೆಗೆಸಿದರು. ಆ ಒಂದು ಬಾಣಂತಿಯ ಕೆಲವೇ ಮರಿಗಳಿಂದ ಬೆಳೆದ ಸಂತಾನವೇ ಇಂದು ಲೋಕದ ಮನೆಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು.

ಆಮೇಲೆ ಸಂಶೋಧಕರು ಅದೇ ಸೀಮೆಯ ಕಾಡು ಹ್ಯಾಮ್‌ಸ್ಟರುಗಳ ಬಿಲಗಳನ್ನು ಅಳೆದು ನೋಡಿದರು. 2001ರಲ್ಲಿ ಪ್ರಕಟವಾದ ಆ ವರದಿಯಂತೆ ಬಿಲಗಳ ಆಳ 36ರಿಂದ 106 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಒಂದಡಿಯಿಂದ ಮೂರೂವರೆ ಅಡಿ! ಇನ್ನೊಂದು ಸಂಗತಿ: ಒಂದು ಬಿಲದಲ್ಲಿ ಬೆಳೆದ ಹ್ಯಾಮ್‌ಸ್ಟರ್ ಒಂದೇ ಇತ್ತು. ಜೋಡಿ ಇಲ್ಲ, ಕುಟುಂಬ ಇಲ್ಲ. ತಂಪು ಮಣ್ಣಿನೊಳಗೆ ಮಲಗಿ, ಹೊರಗೆ ಬಂದಾಗ ಹೊಲ ಸುತ್ತಿ, ಕೆನ್ನೆಚೀಲದಲ್ಲಿ ಕಾಳು ತುಂಬಿ ತಂದು ಕಣಜ ಮಾಡಿಕೊಳ್ಳುವ ಜೀವ ಅದು. ಜರ್ಮನ್ ಭಾಷೆಯಲ್ಲಿ ಕೂಡಿಡುವುದಕ್ಕೆ ಇರುವ ಒಂದು ಮಾತೇ ಈ ಪ್ರಾಣಿಯ ಹೆಸರಿನಿಂದ ಹುಟ್ಟಿದೆ. ಓಡುವುದು, ತೋಡುವುದು, ಕೂಡಿಡುವುದು, ಈ ಮೂರೇ ಅದರ ಬದುಕು. ಒಂದಡಿ ಪಂಜರದಲ್ಲಿ ಮೂರಕ್ಕೂ ಜಾಗವಿಲ್ಲ.

ಇದು ಬರೀ ಮರುಕದ ಮಾತಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಹ್ಯಾಮ್‌ಸ್ಟರುಗಳನ್ನು ನಾಲ್ಕು ಅಳತೆಯ ಪಂಜರಗಳಲ್ಲಿಟ್ಟು ನೋಡಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಅತಿ ಚಿಕ್ಕ ಪಂಜರದ ನೆಲ 1,800 ಚದರ ಸೆಂಟಿಮೀಟರ್, ಅತಿ ದೊಡ್ಡದರದು 10,000. ಕಂಬಿ ಕಡಿಯುವುದು ಎಲ್ಲ ಪಂಜರಗಳಲ್ಲೂ ಕಂಡುಬಂತು. ಆದರೆ ಚಿಕ್ಕ ಪಂಜರದವು ಹೆಚ್ಚು ಸಲ, ಹೆಚ್ಚು ಹೊತ್ತು ಕಡಿದವು. ಈಗ ನಿಮ್ಮ ಮನೆಯ ಪಂಜರವನ್ನು ಟೇಪಿನಿಂದ ಅಳೆಯಿರಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲವಿದ್ದರೆ ಅದು ಸುಮಾರು 1,350 ಚದರ ಸೆಂಟಿಮೀಟರ್ ಅಷ್ಟೆ. ಆ ಪ್ರಯೋಗದ ಅತಿ ಚಿಕ್ಕ ಪಂಜರಕ್ಕಿಂತಲೂ ಚಿಕ್ಕದು!

ಹಾಗಾದರೆ ಅಳತೆ ಎಷ್ಟು?

ಪ್ರಾಣಿಗಳ ಕ್ಷೇಮಕ್ಕಾಗಿ ದುಡಿಯುವ ಜರ್ಮನಿಯ ಪಶುವೈದ್ಯರ ಸಂಘವೊಂದು ಕನಿಷ್ಠ ಅಳತೆಯನ್ನು ಹೀಗೆ ಹೇಳಿದೆ: ಉದ್ದ 100 ಸೆಂಟಿಮೀಟರ್, ಅಗಲ 50, ಎತ್ತರ 50. ನಮ್ಮ ಅಜ್ಜಿಯರ ಲೆಕ್ಕಕ್ಕೆ ತಂದರೆ ಎರಡು ಮೊಳದ ಮೇಲೆ ನಾಲ್ಕು ಬೆರಳು ಉದ್ದ, ಒಂದು ಮೊಳದ ಮೇಲೆ ಎರಡು ಬೆರಳು ಅಗಲ, ಅಷ್ಟೇ ಎತ್ತರ. ಇದು ಕನಿಷ್ಠ ಎಂಬುದು ನೆನಪಿರಲಿ. ಇದಕ್ಕಿಂತ ದೊಡ್ಡದಾದರೆ ಇನ್ನೂ ಒಳ್ಳೆಯದು. ಬೆರಳುದ್ದದ ಕುಬ್ಜ ಜಾತಿಯವಕ್ಕೂ ಇದೇ ಅಳತೆ ಇರಲಿ. ಮೈ ಚಿಕ್ಕದಾದ ಮಾತ್ರಕ್ಕೆ ಓಟ ಚಿಕ್ಕದಲ್ಲ.

ಅಂಗಡಿಯವರು ಇಲ್ಲೊಂದು ಮಾತು ಹೇಳಬಹುದು. “ಮೇಡಂ, ಇದು ಮೂರು ಅಂತಸ್ತಿನದು, ಜಾಗ ಬೇಕಾದಷ್ಟಿದೆ.” ಆ ಮಾತಿಗೆ ಮರುಳಾಗಬೇಡಿ. ಹ್ಯಾಮ್‌ಸ್ಟರ್ ನೆಲದ ಪ್ರಾಣಿ, ಅಳಿಲಿನಂತೆ ಮರ ಹತ್ತುವುದಲ್ಲ. ಅದರ ದೃಷ್ಟಿಯೂ ಮಂದ, ಎಷ್ಟು ಎತ್ತರದಲ್ಲಿದ್ದೇನೆ ಎಂಬ ಅಂದಾಜು ಸಿಗುವುದಿಲ್ಲ. ಮೇಲಿನ ಅಂತಸ್ತಿನಿಂದ ಬಿದ್ದು ಕಾಲು ಮುರಿದುಕೊಳ್ಳುವುದು ಉಂಟು. ಒಂದರ ಮೇಲೊಂದು ಮೂರು ಡಬ್ಬಿ ಜೋಡಿಸಿದರೆ ಅಡುಗೆಮನೆ ದೊಡ್ಡದಾಗುತ್ತದೆಯೇ? ಹಾಗೆಯೇ ಇದೂ. ಎತ್ತರ ನೋಡಬೇಡಿ, ಒಂದೇ ಸಮನೆ ಹರಡಿದ ನೆಲ ಎಷ್ಟಿದೆ ನೋಡಿ.

ಒಂದು ಗೇಣು ಹಾಸು

ಎತ್ತರ ಬೇಕಾಗುವುದು ಅಂತಸ್ತಿಗಲ್ಲ, ಹಾಸಿಗೆ. ಬರ್ನಿನಲ್ಲೇ ನಡೆದು 2006ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 10, 40, 80 ಸೆಂಟಿಮೀಟರ್ ಆಳದ ಹಾಸು ಹಾಕಿ ನೋಡಿದರು. 10 ಸೆಂಟಿಮೀಟರಿನಲ್ಲಿದ್ದವು ಕಂಬಿಯನ್ನು ಬಹಳ ಕಡಿದವು. 80 ಸೆಂಟಿಮೀಟರಿನಲ್ಲಿದ್ದವು ಕಂಬಿಯ ತಂಟೆಗೇ ಹೋಗಲಿಲ್ಲ. ತೋಡುವ ಕೆಲಸ ಕೈತುಂಬ ಇದ್ದವರಿಗೆ ಬೇಸರವೆಲ್ಲಿಯದು!

ಮನೆಯಲ್ಲಿ 80 ಸೆಂಟಿಮೀಟರ್ ತುಂಬುವುದು ಕಷ್ಟವೇ. ಕಡೇಪಕ್ಷ ಒಂದು ಗೇಣು ಆಳ ಇರಲಿ. ಒಂದು ಮೂಲೆಯಲ್ಲಾದರೂ ಇನ್ನಷ್ಟು ಎತ್ತರಕ್ಕೆ ಗುಡ್ಡೆ ಮಾಡಿ.

ಹಾಸಿಗೆ ಏನು ಹಾಕಬೇಕು? ಬಣ್ಣ, ಸುಗಂಧ ಇಲ್ಲದ ಟಿಷ್ಯೂ ಕಾಗದ ಅಥವಾ ಅಚ್ಚಾಗದ ಬಿಳಿ ಕಾಗದವನ್ನು ಸಣ್ಣಗೆ ಹರಿದು, ನಡುನಡುವೆ ಶುಭ್ರವಾದ ಮೆತ್ತನೆಯ ಒಣಹುಲ್ಲು ಸೇರಿಸಿ ಒತ್ತಿದರೆ ಬಿಲ ಕುಸಿಯದೆ ನಿಲ್ಲುತ್ತದೆ. ಸಾಮಿಲ್ಲಿನ ನುಣುಪಾದ ಮರದ ಪುಡಿ ಬೇಡ, ಅದು ಮೂಗಿಗೆ ಹೋಗುತ್ತದೆ. ದೇವದಾರು, ಪೈನ್ ಮುಂತಾದ ಘಮಘಮಿಸುವ ಮರದ ಹೊಟ್ಟೂ ಬೇಡ, ಆ ವಾಸನೆಯೇ ಅದರ ಉಸಿರಾಟಕ್ಕೆ ಕೆಡುಕು.

ಒಂದು ಎಚ್ಚರಿಕೆ. “ಪಾಪ, ಮೆತ್ತಗಿರಲಿ” ಎಂದು ಹತ್ತಿ ಹಾಕುವವರಿದ್ದಾರೆ. ಖಂಡಿತ ಹಾಕಬೇಡಿ. ಹತ್ತಿಯ ಎಳೆ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಬಹುದು, ನುಂಗಿದರೆ ಕರುಳು ಕಟ್ಟಬಹುದು. ಹೊಲಿಗೆ ಮೆಶಿನ್ನಿನ ಕೆಳಗೆ ಬಿದ್ದ ದಾರ, ಬಟ್ಟೆಯ ಚೂರುಗಳೂ ಅಷ್ಟೇ ಅಪಾಯ.

ಕೊಳ್ಳಬೇಕೆ, ಮಾಡಿಸಬೇಕೆ?

ಇಷ್ಟು ದೊಡ್ಡ ಪಂಜರ ನಮ್ಮ ಊರುಗಳಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಜಾಸ್ತಿ. ಅದಕ್ಕೇಕೆ ಚಿಂತೆ? ಮನೆಯ ಅಟ್ಟದ ಮೇಲೆ ಒಮ್ಮೆ ಕಣ್ಣಾಡಿಸಿ.

ನೀರು ಸೋರುತ್ತದೆಂದು ಮೂಲೆಗೆ ಸೇರಿಸಿದ ಹಳೆಯ ಮೀನಿನ ತೊಟ್ಟಿ ಇದೆಯೇ? ಹ್ಯಾಮ್‌ಸ್ಟರಿಗೆ ಸೋರಿದರೇನು! ಅಗಲ ಸಾಕಷ್ಟಿರುವ ದೊಡ್ಡ ತೊಟ್ಟಿಯಾದರೆ ಮೇಲೆ ಜಾಲರಿಯ ಮುಚ್ಚಳ ಮಾಡಿಸಿದರೆ ಮುಗಿಯಿತು. ಹಳೆಯ ಮರದ ಶೋಕೇಸು ಅಥವಾ ಪುಸ್ತಕದ ಕಪಾಟು ಇದ್ದರೆ ಅದನ್ನು ಬೆನ್ನ ಮೇಲೆ ಮಲಗಿಸಿ, ನಡುವಿನ ಹಲಗೆಗಳನ್ನು ತೆಗೆಸಿ, ಬಾಗಿಲಿನ ಜಾಗಕ್ಕೆ ಜಾಲರಿ ಹೊಡೆಸಿ. ಆಳ ಒಂದೂವರೆ ಅಡಿಗಿಂತ ಕಡಿಮೆಯಾದರೆ ಸುತ್ತ ಒಂದು ಹಲಗೆ ಎತ್ತರಿಸಿಕೊಳ್ಳಿ. ಏನೂ ಇಲ್ಲವಾದರೆ ಊರಿನ ಬಡಗಿಗೆ ಅಳತೆ ಕೊಟ್ಟು ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಮುಂದಿನ ಬದಿಗೆ ಗಾಜು ಕೂರಿಸಿ. ಒಳಗೆ ಪೇಂಟು, ವಾರ್ನಿಷ್ ಬೇಡ, ಅದನ್ನು ಕಡಿದು ತಿಂದೀತು. ತಗಡಿನ ಟ್ರಂಕು ಬೇಡ, ಬೇಸಿಗೆಯಲ್ಲಿ ಕಾದ ಹೆಂಚಾಗುತ್ತದೆ.

ಕಂಬಿಯ ಪಂಜರವನ್ನೇ ಕೊಳ್ಳುವುದಾದರೆ ಕಂಬಿಗಳ ನಡುವಿನ ಸಂದು ನೋಡಿ. ದೊಡ್ಡ ಜಾತಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಕುಬ್ಜ ಜಾತಿಗೆ ಮಕ್ಕಳ ಪೆನ್ಸಿಲ್ ತೂರದಷ್ಟು ಕಿರಿದಾಗಿರಬೇಕು. ತಲೆ ತೂರಿದರೆ ಮೈಯೂ ತೂರಿತು ಎಂದೇ ತಿಳಿಯಿರಿ. ನೆಲ ಮಾತ್ರ ಎಂದೂ ಕಂಬಿಯದಾಗಿರಬಾರದು, ಅಂಗಾಲು ಗಾಯವಾಗುತ್ತದೆ.

ಮನೆಯೊಳಗಿನ ಸಾಮಾನು

ಮೊದಲು ಚಕ್ರ. ಹ್ಯಾಮ್‌ಸ್ಟರ್ ಒಂದೇ ರಾತ್ರಿಯಲ್ಲಿ ಹಲವು ಕಿಲೋಮೀಟರ್ ಓಡಬಲ್ಲದು. ದೊಡ್ಡ ಜಾತಿಗೆ 28ರಿಂದ 30 ಸೆಂಟಿಮೀಟರ್ ಅಡ್ಡಗಲದ ಚಕ್ರ ಬೇಕು, ಕುಬ್ಜ ಜಾತಿಗೆ ಸುಮಾರು 20. ಪಂಜರದ ಜೊತೆ ಬರುವ ಚಿಕ್ಕ ಚಕ್ರದಲ್ಲಿ ಓಡುವಾಗ ಅದರ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುವುದನ್ನು ನೀವೇ ನೋಡಬಹುದು. ಬೆನ್ನು ನೆಟ್ಟಗಿರುವಷ್ಟು ದೊಡ್ಡ ಚಕ್ರ ತನ್ನಿ. ಓಡುವ ಜಾಗ ಕಂಬಿಕಂಬಿಯಾಗಿರದೆ ಸಪಾಟಾಗಿರಲಿ, ಇಲ್ಲದಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ಕಿರ್ ಕಿರ್ ಎಂದರೆ ಅಚ್ಚಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ಚಕ್ರವನ್ನು ಹಾಸಿನ ಮೇಲೆ ನೇರವಾಗಿ ಇಡಬೇಡಿ. ಅಡಿಯಲ್ಲಿ ಬಿಲ ತೋಡಿದಾಗ ಕುಸಿದು ಮೈಮೇಲೆ ಬಿದ್ದೀತು. ಪೆಟ್ಟಿಗೆಯ ತಳಕ್ಕೆ ತಾಗುವಂತೆ ನಾಲ್ಕು ಕಾಲಿನ ಮರದ ಪುಟ್ಟ ಮಣೆ ಮಾಡಿಸಿ, ಅದರ ಮೇಲೆ ಇಡಿ. ಅಡಗಲು ಒಂದು ಮರದ ಗೂಡು, ನೀರಿಗೆ ಒಂದು ಭಾರವಾದ ಪುಟ್ಟ ಬಟ್ಟಲು, ಕಡಿಯಲು ಮರದ ತುಂಡು ಇರಲಿ. ಒಂದು ಅಗಲ ತಟ್ಟೆಯಲ್ಲಿ ತೊಳೆದು, ಒಣಗಿಸಿ, ಜರಡಿ ಹಿಡಿದು ದೂಳು ತೆಗೆದ ಮರಳು ಹಾಕಿಡಿ. ಹ್ಯಾಮ್‌ಸ್ಟರಿಗೆ ನೀರಿನ ಸ್ನಾನ ಎಂದೂ ಮಾಡಿಸಬಾರದು. ಮರಳಿನಲ್ಲಿ ಹೊರಳಿ ತಾನೇ ಮೈ ಚೊಕ್ಕಟ ಮಾಡಿಕೊಳ್ಳುತ್ತದೆ.

ಎಲ್ಲಿ ಇಡುವುದು?

ದೊಡ್ಡ ಮನೆ ಕಟ್ಟಿಕೊಟ್ಟು ಬಿಸಿಲಿನಲ್ಲಿಟ್ಟರೆ ಪುಣ್ಯವೂ ಇಲ್ಲ, ಪುರುಷಾರ್ಥವೂ ಇಲ್ಲ. ಕಾಡಿನಲ್ಲಿ ಈ ಪ್ರಾಣಿ ಬಿಸಿಲು ಏರಿದರೆ ಆಳದ ಮಣ್ಣಿಗೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿ ಇಳಿಯುವುದೆಲ್ಲಿಗೆ? ಮೂವತ್ತು ಡಿಗ್ರಿ ಮೀರಿದರೆ ಅದಕ್ಕೆ ಸಂಕಟ ಶುರುವಾಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಸೋದರಿಯರು ಏಪ್ರಿಲ್, ಮೇ ತಿಂಗಳುಗಳಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮನೆಯ ಅತಿ ತಂಪಾದ ಒಳಕೋಣೆಯೇ ಅದಕ್ಕೆ ಸರಿ. ಒಳಗೊಂದು ನೆಲದ ಟೈಲ್ಸಿನ ತುಂಡು ಇಡಿ, ಅದರ ಮೇಲೆ ಮೈಚೆಲ್ಲಿ ಮಲಗುತ್ತದೆ. ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಹೊರಮಗ್ಗುಲಿಗೆ ಒರಗಿಸಿಡಿ. ಫ್ಯಾನಿನ ಗಾಳಿ ನೇರವಾಗಿ ಬೀಸದಿರಲಿ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಥಂಡಿಯೇ ತೊಂದರೆ. ಹಾಸಿಗೆ ಬೂಷ್ಟು ಬರದಂತೆ ಆಗಾಗ ನೋಡುತ್ತಿರಿ.

ಅಡುಗೆಮನೆಯಲ್ಲಿ ಇಡಬೇಡಿ, ಒಗ್ಗರಣೆಯ ಘಾಟು ಆಗದು. ದೇವರ ಮನೆಯ ಪಕ್ಕ ಅಗರಬತ್ತಿಯ ಹೊಗೆ, ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ. ಮೇಲಾಗಿ ರಾತ್ರಿ ನಿಮಗೆ ನಿದ್ದೆಯ ಹೊತ್ತು, ಅದಕ್ಕೆ ಓಟದ ಹೊತ್ತು. ಟಿ.ವಿ.ಯ ಸದ್ದಿನಿಂದ ದೂರವಿರುವ ನಡುಮನೆಯ ಮೂಲೆಯಾದರೆ ಚೆನ್ನ.

ಇರುವೆಯ ಕಾಟಕ್ಕೆ ನಮ್ಮ ಹಳೆಯ ಉಪಾಯವೇ ಸಾಕು. ಹಾಲು ಮೊಸರಿನ ಕಪಾಟಿಗೆ ಮಾಡುತ್ತಿದ್ದಂತೆ ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ಲಕ್ಷ್ಮಣರೇಖೆ, ನುಸಿಗುಳಿಗೆ, ಫಿನಾಯಿಲು ಹತ್ತಿರ ಸುಳಿಯದಿರಲಿ. ಬೆಕ್ಕು ಓಡಾಡುವ ಮನೆಯಾದರೆ ಮುಚ್ಚಳಕ್ಕೆ ಚಿಲಕ ತಪ್ಪದೆ ಇರಬೇಕು.

ಜೊತೆಗೊಂದು ಬೇಡವೇ?

“ಒಂಟಿಯಾಗಿದೆ ಪಾಪ, ಈಗ ಮನೆಯೂ ದೊಡ್ಡದಾಯಿತು, ಇನ್ನೊಂದು ತರೋಣ” ಎಂದು ಮಕ್ಕಳು ಹೇಳುವುದು ಖಂಡಿತ. ಅಂಗಡಿಯವರೂ ಜೋಡಿಯನ್ನೇ ಮಾರಲು ನೋಡಿಯಾರು. ದಯವಿಟ್ಟು ಬೇಡ. ಬೆಳೆದ ಎರಡು ಸಿರಿಯನ್ ಹ್ಯಾಮ್‌ಸ್ಟರುಗಳನ್ನು ಒಂದೇ ಮನೆಯಲ್ಲಿಟ್ಟರೆ ಸಾಯುವವರೆಗೂ ಕಾದಾಡುತ್ತವೆ, ಮನೆ ಎಷ್ಟು ದೊಡ್ಡದಾದರೂ ಅಷ್ಟೇ. ಕುಬ್ಜ ಜಾತಿಯವೂ ಕೆಲವು ದಿನ ಹೊಂದಿಕೊಂಡಂತೆ ಕಂಡು ಇದ್ದಕ್ಕಿದ್ದಂತೆ ತಿರುಗಿ ಬೀಳುವುದುಂಟು. ಇನ್ನು ಗಂಡು ಹೆಣ್ಣು ಸೇರಿದವೋ, ಸಿರಿಯನ್ ಹ್ಯಾಮ್‌ಸ್ಟರಿನ ಬಸಿರು ಬರೀ ಹದಿನಾರು ದಿನದ್ದು. ಹೆತ್ತರೆ ಒಂದೆರಡಲ್ಲ, ಮರಿಗಳ ಸಾಲು ಸಾಲು! ಒಂದು ಮನೆಗೆ ಒಂದೇ ಹ್ಯಾಮ್‌ಸ್ಟರ್. ಒಂಟಿತನ ನಮಗೆ ದುಃಖ, ಅದಕ್ಕೆ ಅದೇ ನೆಮ್ಮದಿ.

ಮನೆ ಬದಲಿಸುವ ದಿನ

ಹ್ಯಾಮ್‌ಸ್ಟರಿಗೆ ಕಣ್ಣಿಗಿಂತ ಮೂಗೇ ದೊಡ್ಡದು. ಹೊಸ ಪೆಟ್ಟಿಗೆಯಲ್ಲಿ ತನ್ನ ವಾಸನೆಯಿಲ್ಲದಿದ್ದರೆ ದಿಗಿಲು ಬೀಳುತ್ತದೆ. ಆದ್ದರಿಂದ ಹಳೆಯ ಪಂಜರದ ಒಣಗಿರುವ ಹಾಸಿನಲ್ಲಿ ಎರಡು ಮೂರು ಹಿಡಿ, ಅದರ ಗೂಡು, ಅದು ಕೂಡಿಟ್ಟ ಕಾಳು ಎಲ್ಲವನ್ನೂ ಹೊಸ ಮನೆಗೆ ಒಯ್ಯಿರಿ. ಗೃಹಪ್ರವೇಶ ಸಂಜೆ ಇರಲಿ, ಹಗಲಿನ ಗಾಢ ನಿದ್ದೆಯಿಂದ ಎಬ್ಬಿಸಬೇಡಿ. ಮೂರು ನಾಲ್ಕು ದಿನ ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ. ಒಂದೆರಡು ದಿನ ಕಾಣಿಸಿಕೊಳ್ಳದೆ ಬಿಲದಲ್ಲೇ ಅಡಗಿದರೂ, ಇಟ್ಟ ಕಾಳು ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿದ್ದರೆ ಗಾಬರಿ ಬೇಡ.

ದೊಡ್ಡ ಮನೆಯಾದರೆ ಕೆಲಸವೂ ದೊಡ್ಡದು ಎಂದು ಹೆದರಬೇಡಿ. ಚಿಕ್ಕ ಪಂಜರವೇ ಬೇಗ ಗಬ್ಬು ನಾರುವುದು. ಹ್ಯಾಮ್‌ಸ್ಟರ್ ಸಾಮಾನ್ಯವಾಗಿ ಒಂದೇ ಮೂಲೆಯನ್ನು ಬಚ್ಚಲು ಮಾಡಿಕೊಳ್ಳುತ್ತದೆ. ಎರಡು ಮೂರು ದಿನಕ್ಕೊಮ್ಮೆ ಆ ಮೂಲೆಯ ಒದ್ದೆ ಹಾಸನ್ನೂ ಬಾಡಿದ ತರಕಾರಿಯ ಚೂರನ್ನೂ ತೆಗೆದರೆ ಸಾಕು. ಎಲ್ಲವನ್ನೂ ಒಮ್ಮೆಗೇ ಎಸೆದು ತೊಳೆದರೆ ಅದರ ಪಾಲಿಗೆ ಮನೆಯೇ ಬಿದ್ದುಹೋದಂತೆ.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ, ಸಾಕಷ್ಟು ಅಲುಗಾಡಲು ಉದ್ದ, ಅಗಲ, ಎತ್ತರ ಸಾಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು ಅಪರಾಧ. ಆದರೆ ತಾಯಂದಿರಾದ ನಮಗೆ ಕಾನೂನಿನ ಭಯಕ್ಕಿಂತ ಮಿಗಿಲಾದದ್ದು ಇನ್ನೊಂದಿದೆ. ಹ್ಯಾಮ್‌ಸ್ಟರಿನ ಆಯುಸ್ಸು ಎರಡು, ಹೆಚ್ಚೆಂದರೆ ಮೂರು ವರ್ಷ. ಅದರ ಹೊಲ, ಬಿಲ, ಕಣಜ, ಲೋಕ ಎಲ್ಲವೂ ನಾವು ಆರಿಸಿಕೊಟ್ಟ ಆ ಒಂದು ಪೆಟ್ಟಿಗೆಯೇ. ಬಾಯಿಲ್ಲದ ಜೀವಕ್ಕೆ ಎಷ್ಟು ಜಾಗ ಬಿಟ್ಟುಕೊಡಬೇಕು ಎಂಬುದನ್ನು ಮಕ್ಕಳು ಪಾಠದ ಪುಸ್ತಕದಿಂದ ಕಲಿಯುವುದಿಲ್ಲ. ನೀವು ಟೇಪು ಹಿಡಿದು ಬಡಗಿಗೆ ಅಳತೆ ಹೇಳುವುದನ್ನು ನೋಡಿ ಕಲಿಯುತ್ತಾರೆ. ಅಷ್ಟು ಜಾಗ, ಅಷ್ಟು ಪುರುಸೊತ್ತು ಈಗ ನಿಮ್ಮಲ್ಲಿ ಇಲ್ಲವೆಂದಾದರೆ ಮಕ್ಕಳಿಗೆ ಬಿಡಿಸಿ ಹೇಳಿ, ತರುವುದನ್ನೇ ಮುಂದೂಡಿ. ಅದೂ ಪ್ರಾಣಿದಯೆಯೇ.

ಕೊಳ್ಳುವ ಮುನ್ನ ಒಮ್ಮೆ ನೋಡಿ

• ನೆಲ: ಉದ್ದ 100 ಸೆಂ.ಮೀ., ಅಗಲ 50 ಸೆಂ.ಮೀ.ಗೆ ಕಡಿಮೆ ಇಲ್ಲ. ಅಂತಸ್ತುಗಳು ಲೆಕ್ಕಕ್ಕಿಲ್ಲ.
• ಹಾಸು: ಕಡೇಪಕ್ಷ ಒಂದು ಗೇಣು ಆಳ. ಹತ್ತಿ, ದಾರ ಬೇಡ.
• ಸಂದು: ದೊಡ್ಡ ಜಾತಿಗೆ 1 ಸೆಂ.ಮೀ.ಗಿಂತ ಕಡಿಮೆ, ಕುಬ್ಜ ಜಾತಿಗೆ ಪೆನ್ಸಿಲ್ ತೂರದಷ್ಟು.
• ಚಕ್ರ: ದೊಡ್ಡ ಜಾತಿಗೆ 28ರಿಂದ 30 ಸೆಂ.ಮೀ., ಕುಬ್ಜ ಜಾತಿಗೆ ಸುಮಾರು 20. ಓಡುವ ಜಾಗ ಸಪಾಟು.
• ಗಾಳಿ: ಮೇಲೆ ಜಾಲರಿ, ಬಿಸಿಲು ಬೀಳದ ತಂಪು ಜಾಗ, ಹೊಗೆ ಇಲ್ಲ.
• ಒಂದು ಮನೆಗೆ ಒಂದೇ ಹ್ಯಾಮ್‌ಸ್ಟರ್.